ಸಹಾಯ ಬೇಕು: ಸ್ಟೋರೇಜ್ ಸರ್ವರ್‌ಗೆ ಕೊಟ್ಟ ಹೊಸ ಐಪಿ ವಿಳಾಸ ಉಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆಗಳ ಚಿತ್ರಗಳು, ಗವಿಮಠದ ಜಾತ್ರೆಯ ವಿಡಿಯೊಗಳು ಎಲ್ಲವೂ ಟ್ರೂನ್ಯಾಸ್ ಎಂಬ ಕಡತ ಸಂಗ್ರಹದ ತಂತ್ರಾಂಶ ಹಾಕಿದ ಒಂದು ಸರ್ವರ್‌ನಲ್ಲಿವೆ. ಕಳೆದ ವಾರ ಸಿಡಿಲಿಗೆ ಹಳೆಯ ರೂಟರ್ ಸುಟ್ಟುಹೋಯಿತು. ಹೊಸದು 192.168.0 ಸಾಲಿನ ವಿಳಾಸ ಕೊಡುತ್ತದೆ. ಸರ್ವರ್‌ಗೆ ನಾನು ಹಿಂದೆಯೇ 192.168.1.50 ಎಂಬ ಸ್ಥಿರ ವಿಳಾಸ ಕೊಟ್ಟಿದ್ದೆ. ಹಾಗಾಗಿ ಅದು ಕಾಣುತ್ತಲೇ ಇಲ್ಲ.

ಲ್ಯಾಪ್‌ಟಾಪ್‌ಗೆ 192.168.1.10 ಕೊಟ್ಟು, ಕೇಬಲನ್ನು ನೇರವಾಗಿ ಸರ್ವರ್‌ಗೆ ಸಿಕ್ಕಿಸಿದೆ. ಬ್ರೌಸರ್‌ನಲ್ಲಿ ಸರ್ವರ್‌ನ ಸೆಟ್ಟಿಂಗ್ ಪುಟ ತೆರೆಯಿತು, ಹೋದ ಜೀವ ಬಂದಂತಾಯಿತು. ಆದರೆ ವಿಳಾಸವನ್ನು 192.168.0.50 ಎಂದು ಬದಲಿಸಿ ಪರೀಕ್ಷೆಯ ಗುಂಡಿ ಒತ್ತಿದೊಡನೆ ಪುಟ ನಿಂತುಹೋಗುತ್ತದೆ. ಉಳಿಸುವ ಗುಂಡಿ ಒತ್ತಲು ಕೊಡುವ 60 ಸೆಕೆಂಡು ಕಳೆದು ಹಳೆಯ ವಿಳಾಸವೇ ಮರಳುತ್ತದೆ. ಮೂರು ಸಲವೂ ಹೀಗೆಯೇ ಆಯಿತು.

ಲ್ಯಾಪ್‌ಟಾಪ್‌ಗೆ ಎರಡೂ ಸಾಲಿನ ವಿಳಾಸಗಳನ್ನು ಒಟ್ಟಿಗೆ ಕೊಟ್ಟರೆ, ಆ ಒಂದು ನಿಮಿಷದಲ್ಲಿ ಹೊಸ ವಿಳಾಸದಿಂದ ಒಳಹೊಕ್ಕು ಉಳಿಸಬಹುದೇ? ಇಲ್ಲವೇ ಸರ್ವರ್‌ಗೇ ಮಾನಿಟರ್, ಕೀಬೋರ್ಡ್ ಜೋಡಿಸಿ ಅದರ ಪರದೆಯಲ್ಲಿ ಬರುವ ಕನ್ಸೋಲ್ ಮೆನುವಿನಿಂದಲೇ ಮಾಡುವುದು ಒಳ್ಳೆಯದೇ? ಗೇಟ್‌ವೇ (ಹೊರಗಿನ ಜಾಲಕ್ಕೆ ದಾರಿಯಾದ ರೂಟರ್‌ನ ವಿಳಾಸ), ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಇವುಗಳನ್ನು ಮೊದಲು ತಿದ್ದಬೇಕೇ, ಆಮೇಲೆಯೇ? ಇದರಿಂದ ಡಿಸ್ಕ್‌ಗಳಿಗೆ ತೊಂದರೆಯಿಲ್ಲ ಎಂದು ಗೊತ್ತು, ಆದರೂ ಕೈ ನಡುಗುತ್ತದೆ. ಒಂದು ಮನೆಯವರು ತೀರಿಹೋದ ಅಜ್ಜಿಯ ಕೊನೆಯ ಚಿತ್ರ ಕೇಳಿದ್ದಾರೆ. ಅದು ಇರುವುದು ಇದರಲ್ಲಿ ಮಾತ್ರ. ಅನುಭವ ಇದ್ದವರು ದಯವಿಟ್ಟು ತಿಳಿಸಿ.