340 ಚೀಟಿ ಗೋಡೆ ಮೇಲಿವೆ, ಮುಂದೇನು ಮಾಡಲಿ?

ಪ್ರಶ್ನೆ: ಹಣ ಕಳಿಸುವ ಆ್ಯಪ್ ಬಗ್ಗೆ 12 ಜನರನ್ನು ಮಾತಾಡಿಸಿ ಮುಗಿಸಿದ್ದೇನೆ. ಅವರು ಹೇಳಿದ್ದನ್ನು, ಮಾಡಿದ್ದನ್ನು ಒಂದೊಂದಾಗಿ ಬರೆದು ಈಗ ಗೋಡೆ ತುಂಬಾ 340 ಸ್ಟಿಕ್ಕಿ ಚೀಟಿ. ಗುಂಪು ಮಾಡಲು ಕೂತರೆ ‘ಲಾಗಿನ್’, ‘ಪೇಮೆಂಟ್’, ‘ಸಪೋರ್ಟ್’ ಅಂತ ನಮ್ಮ ಆ್ಯಪಿನ ಮೆನುವೇ ಮತ್ತೆ ಎದ್ದು ಬರುತ್ತಿದೆ. ಸೋಮವಾರ ತಂಡಕ್ಕೆ ತೋರಿಸಬೇಕು. 12 ಜನ ಸಾಕಾ ಅನ್ನೋ ಅನುಮಾನವೂ ಇದೆ. ಮಾಡಿ ನೋಡಿದವರು ಅನುಭವ ಹೇಳಿ.

ಉತ್ತರ: ನನ್ನ ಮೊದಲ ಪ್ರಾಜೆಕ್ಟಿನಲ್ಲೂ ಹೀಗೇ ಆಗಿತ್ತು. ಗುಂಪು ಮಾಡುವಾಗ ತಪ್ಪಿದೆ ಅಂದುಕೊಂಡಿದ್ದೆ, ಆದರೆ ತಪ್ಪಿದ್ದು ಚೀಟಿ ಬರೆಯುವಾಗಲೇ. ‘ಪೇಮೆಂಟ್ ಭಯ’ ಅಂತ ಎರಡೇ ಪದ ಬರೆದರೆ ಆ ಚೀಟಿ ತಾನಾಗಿ ಪೇಮೆಂಟ್ ರಾಶಿಗೆ ಹೋಗಿ ಬೀಳುತ್ತದೆ, ಅಲ್ವಾ? ‘ದುಡ್ಡು ತಲುಪಿತಾ ಇಲ್ವಾ ಗೊತ್ತಾಗದೆ ತಂಗಿಗೆ ಫೋನ್ ಮಾಡಿ ಕೇಳಿದರು’ ಅಂತ ಬರೆದು ನೋಡಿ. ಈಗ ಅದು ‘ಪಾಸ್‌ವರ್ಡ್ ಬದಲಾಯಿಸುವಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು’ ಅನ್ನೋ ಚೀಟಿಯ ಹತ್ತಿರ ಹೋಗುತ್ತದೆ. ಒಂದು ಪೇಮೆಂಟಿನದು, ಇನ್ನೊಂದು ಲಾಗಿನ್‌ನದು. ಎರಡರಲ್ಲೂ ಸ್ಕ್ರೀನ್ ಹೇಳಿದ್ದು ಸಾಲದೆ, ನಂಬಿಕೆಯ ಒಬ್ಬರನ್ನು ಕೇಳಿಯೇ ಸಮಾಧಾನ ಮಾಡಿಕೊಂಡಿದ್ದಾರೆ. ಇದು ಮೆನುವಿನಲ್ಲಿ ಎಲ್ಲೂ ಸಿಗುವುದಿಲ್ಲ.

ಚೀಟಿಗಳನ್ನು ಹೋಲಿಕೆ ನೋಡಿ ಗುಂಪು ಮಾಡುವ ಈ ಅಫಿನಿಟಿ ಮ್ಯಾಪಿಂಗ್‌ನ ಮೂಲ ಜಿರೋ ಕವಾಕಿತಾ ಅನ್ನೋ ಜಪಾನಿ ಮಾನವಶಾಸ್ತ್ರಜ್ಞರ ಕೆಜೆ ವಿಧಾನ, 1960ರ ದಶಕದ್ದು. (ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಅದಕ್ಕೇ ಜೆಕೆ ಅಲ್ಲ, ಕೆಜೆ.) ಅದರಲ್ಲಿ ತಲೆಬರಹ ಕೊನೆಗೆ. ಮೊದಲು ಚೀಟಿಗಳನ್ನು ಹತ್ತಿರ ತರುವುದು, ಯಾಕೆ ಹತ್ತಿರ ಬಂದವು ಅಂತ ಆಮೇಲೆ ಒಂದು ಪೂರ್ತಿ ವಾಕ್ಯ ಬರೆಯುವುದು. ಎಲ್ಲೂ ಸೇರದ ಚೀಟಿಯನ್ನು ಒಂಟಿಯಾಗಿಯೇ ಬಿಡಿ. ‘ಇತರೆ’ ಅಂತ ರಾಶಿ ಮಾಡಿದಿರೋ, ಕೆಟ್ಟಿರಿ.

340ನ್ನೂ ಮತ್ತೆ ಬರೆಯಲು ಹೋಗಬೇಡಿ, ಎರಡು ಪದದವನ್ನು ಮಾತ್ರ ರೆಕಾರ್ಡಿಂಗ್ ಕೇಳಿ ಸರಿ ಮಾಡಿ. ಆದರೆ ಪ್ರತಿ ಚೀಟಿಯ ಮೂಲೆಯಲ್ಲಿ ಯಾರ ಮಾತು ಅಂತ ನಂಬರ್ ಬೇಕೇ ಬೇಕು. ನಾನು ಹಾಕಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ರಾಶಿಯನ್ನು ‘ಇದು ಎಲ್ಲರ ತೊಂದರೆ’ ಅಂತ ಮೀಟಿಂಗಿನಲ್ಲಿ ತೋರಿಸಿಬಿಟ್ಟೆ, ಆಮೇಲೆ ನೋಡಿದರೆ ಹೆಚ್ಚುಕಮ್ಮಿ ಪೂರ್ತಿ ರಾಶಿ ಜಾಸ್ತಿ ಮಾತಾಡಿದ್ದ ಒಬ್ಬರದ್ದೇ.

ಇನ್ನೊಬ್ಬರು: 12ರ ಬಗ್ಗೆ. 5 ಜನ ಸಾಕು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಲೆಕ್ಕ: ಒಬ್ಬರಿಂದ ಸುಮಾರು 31% ತೊಂದರೆ ಕಂಡರೆ 5 ಜನರಿಂದ ಸುಮಾರು 85% ಕಾಣುತ್ತದೆ. ಅದು ಯೂಸಬಿಲಿಟಿ ಟೆಸ್ಟಿಗೆ (ಬಳಸಲು ಕೊಟ್ಟು ಎಲ್ಲಿ ತಡವರಿಸುತ್ತಾರೆ ಅಂತ ನೋಡುವುದು), ಇಂಟರ್‌ವ್ಯೂಗೆ ಅಲ್ಲ. ಇಂಟರ್‌ವ್ಯೂಗೆ ಗೆಸ್ಟ್, ಬನ್ಸ್, ಜಾನ್ಸನ್ ಅನ್ನೋ ಮೂವರು ಸಂಶೋಧಕರು 2006ರಲ್ಲಿ 60 ಇಂಟರ್‌ವ್ಯೂ ಪರಿಶೀಲಿಸಿ, ಮೊದಲ 12ರೊಳಗೇ ಹೊಸ ವಿಷಯ ಬರುವುದು ಬಹುಪಾಲು ನಿಂತಿತ್ತು ಅಂದರು. ಆದರೆ ಅಲ್ಲಿದ್ದವರು ಸುಮಾರಾಗಿ ಒಂದೇ ಥರದವರು. ನಿಮ್ಮಲ್ಲಿ ದಿನಾ ಬಳಸುವವರು, ಬಳಸುವುದನ್ನು ಬಿಟ್ಟವರು ಇಬ್ಬರೂ ಇದ್ದರೆ ಅದು 12 ಅಲ್ಲ, ಎರಡು ಸಣ್ಣ ಗುಂಪು. ಕೊನೆಯ ಮೂರು ಮಾತುಕತೆಯಲ್ಲಿ ಹೊಸದೇನಾದರೂ ಬಂತಾ ನೋಡಿ.

ಮತ್ತೊಬ್ಬರು: ಟೈಮ್ ಇಲ್ಲ ಅಂತ, ಮಾತುಕತೆಯನ್ನು ಅಕ್ಷರಕ್ಕಿಳಿಸಿದ ಟ್ರಾನ್ಸ್‌ಕ್ರಿಪ್ಟ್‌ಗಳನ್ನೆಲ್ಲ ಎಐಗೆ ಕೊಟ್ಟು ಸಾರಾಂಶ ತೆಗೆಯುವ ಆಸೆ ಆಗುತ್ತದೆ. ನಾನೂ ತೆಗೆದೆ. ‘ಬಳಕೆದಾರರಿಗೆ ಸುಲಭ ಅನಿಸಿದೆ’ ಅಂತ ಬಂತು. ಹೌದು, ನಾನು ಮಾತಾಡಿಸಿದ ಒಬ್ಬಾಕೆ ‘ಸುಲಭ ಇದೆ’ ಅಂದಿದ್ದರು, ಅದೂ ನಾಲ್ಕು ಸಲ ಹಿಂದಿನ ಪುಟಕ್ಕೆ ಹೋಗಿ ಬಂದ ಮೇಲೆ, ನನಗೆ ಬೇಜಾರಾಗದಿರಲಿ ಅಂತ. ಎದುರಿಗೆ ಕೂತಿದ್ದ ನನಗೆ ಅದು ಗೊತ್ತು, ಟ್ರಾನ್ಸ್‌ಕ್ರಿಪ್ಟಿಗೆ ಏನು ಗೊತ್ತು? ಸಾರಾಂಶ ಬೇಕಾದರೆ ನಿಮ್ಮ ಗುಂಪುಗಳು ಮುಗಿದ ಮೇಲೆ ತೆಗೆಯಿರಿ, ಬಿಟ್ಟುಹೋದದ್ದು ಹುಡುಕಲು. ಮತ್ತೆ, ಒಬ್ಬರೇ ಕೂರಬೇಡಿ. ಕೋಡ್ ಬರೆಯುವವರಲ್ಲಿ ಒಬ್ಬರನ್ನಾದರೂ ಎರಡು ತಾಸು ಗೋಡೆ ಮುಂದೆ ನಿಲ್ಲಿಸಿ.

ಇನ್ನೊಬ್ಬರು: ಸೋಮವಾರ ಗೋಡೆ ತೋರಿಸಬೇಡಿ, ಯಾರೂ ಓದುವುದಿಲ್ಲ. ಮೂರು ವಿಷಯ ಸಾಕು, ಒಂದೊಂದಕ್ಕೂ ಎಷ್ಟು ಜನರಲ್ಲಿ ಕಂಡಿತು, ಯಾರಲ್ಲಿ ಕಾಣಲಿಲ್ಲ ಅಂತ ಹೇಳಿ. ಆಮೇಲೆ ‘ಹೇಗೆ ಮಾಡಬಹುದು’ ಅನ್ನೋ ಪ್ರಶ್ನೆ. ‘ನಂಬಿಕೆ ಹೆಚ್ಚಿಸುವುದು ಹೇಗೆ’ ಅಂದರೆ ಆಕಾಶದಷ್ಟು ಅಗಲ. ‘ಹಸಿರು ಟಿಕ್ ಹಾಕುವುದು ಹೇಗೆ’ ಅಂದರೆ ಉತ್ತರ ನೀವೇ ಕೊಟ್ಟ ಹಾಗೆ. ‘ದುಡ್ಡು ತಲುಪಿದ್ದು ತಂಗಿಗೆ ಫೋನ್ ಮಾಡದೆಯೇ ಖಾತ್ರಿ ಆಗುವ ಹಾಗೆ ಹೇಗೆ ಮಾಡಬಹುದು’ ಅಂದರೆ ತಂಡ ಕೆಲಸ ಶುರು ಮಾಡಬಹುದು.

ಪ್ರಶ್ನೆ ಕೇಳಿದವರು: ನಿನ್ನೆ ರಾತ್ರಿ ಕೂತು ನಂಬರ್ ಹಾಕಿದೆ. ಸಪೋರ್ಟ್ ರಾಶಿಯ 41ರಲ್ಲಿ 26 ಚೀಟಿ ಏಳನೇ ನಂಬರಿನವರದ್ದು! ಆ್ಯಪ್ ಬಿಟ್ಟವರು 12ರಲ್ಲಿ ಒಬ್ಬರೇ ಇದ್ದಾರೆ. ಅಂಥವರು ಇನ್ನೂ ಮೂವರು ಬೇಕು ಅಂತ ಮ್ಯಾನೇಜರ್‌ಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ.