ಸೀಲಿಂಗ್ ಮೇಲಿನ ಪೈಪ್, ಟ್ರೇ ಬೆಂಗಳೂರಲ್ಲೇ ಜೋಡಿಸಿ ತರಬಹುದಾ?

ಪ್ರಶ್ನೆ: ಚಿಕ್ಕಮಗಳೂರಲ್ಲಿ ಆಸ್ಪತ್ರೆ ಕಟ್ಟಡ. ಕಾರಿಡಾರಿನ ಡಕ್ಟ್ (ಎಸಿ ಗಾಳಿ ಹೋಗೋ ಕೊಳವೆ), ಚಿಲ್ಡ್ ವಾಟರ್ ಪೈಪ್ (ಎಸಿಯ ತಣ್ಣೀರಿನದು), ಕೇಬಲ್ ಟ್ರೇ ಎಲ್ಲ 6 ಮೀಟರ್ ಫ್ರೇಮ್‌ಗಳಲ್ಲಿ ಬೆಂಗಳೂರಿಂದ ರೆಡಿಯಾಗಿ ಬರುತ್ತೆ. ಎಲ್ಲಿ ಕೈಕೊಡಬಹುದು?

ಉತ್ತರ 1: ಸ್ಲ್ಯಾಬ್ ತಳದಲ್ಲಿ. ಡ್ರಾಯಿಂಗ್ ನಂಬಬೇಡಿ ಸರ್. ಶಟರಿಂಗ್ ಬಿಚ್ಚಿದ ಮೇಲೆ ಲೇಸರ್ ಲೆವೆಲ್ ಇಟ್ಟು ಪ್ರತಿ ಆಂಕರ್ (ಸ್ಲ್ಯಾಬಿಗೆ ಕೂರಿಸೋ ಬೋಲ್ಟ್) ಜಾಗ ಅಳೆಯಿರಿ. ಬೀಮ್ ಎಲ್ಲಿ ತೀರಾ ಕೆಳಗಿದೆಯೋ ಅದನ್ನೇ ಹಿಡಿದು ಫ್ರೇಮ್ ಎತ್ತರ ಇಡಿ. ಫ್ರೇಮ್ ತೂಗುಹಾಕೋ ಹ್ಯಾಂಗರ್ ರಾಡಲ್ಲಿ 25 ಮಿ.ಮೀ. ಏರಿಳಿಸೋ ಅವಕಾಶ ಇರಲಿ. ಜಾಯಿಂಟಿಗೆ 3 ಮಿ.ಮೀ. ಒಂದೇ ಕಡೆಗೆ ತಪ್ಪುತ್ತಾ ಹೋದರೆ ಹತ್ತು ಜಾಯಿಂಟಿಗೆ 30. ಅದಕ್ಕೇ ನಡುವೆ ಒಂದೆರಡು ಪೈಪ್ ತುಂಡುಗಳನ್ನು ಸೈಟಲ್ಲೇ ಅಳೆದು ಕತ್ತರಿಸೋದು ವಾಸಿ.

ಉತ್ತರ 2: ಲಾರಿ ಕುಲುಕಾಟಕ್ಕೆ ಕ್ಲಾಂಪ್ ನಟ್ಟು ಸಡಿಲ ಆಗುತ್ತೆ. ವರ್ಕ್‌ಶಾಪಲ್ಲಿ ಪೈಪಿಗೆ ವರ್ಕಿಂಗ್ ಪ್ರೆಶರಿನ ಒಂದೂವರೆ ಪಟ್ಟಿನಲ್ಲಿ ಟೆಸ್ಟ್ ಆಗಿದ್ದರೂ ತೂಗುಹಾಕಿದ ಮೇಲೆ ಇನ್ನೊಮ್ಮೆ ಮಾಡಿ. ಪೈಪ್ ಬಾಯಿಗೆಲ್ಲ ಮುಚ್ಚಳ ಬೇಕು. ನಮ್ಮ ಕಡೆ ಮಳೆಗೆ ಬರೀ ಟಾರ್ಪಾಲು ಸಾಲಲ್ಲ; ಡಕ್ಟಿನ ಗ್ಲಾಸ್ ವೂಲ್ (ತಂಪು ಉಳಿಸೋ ಗಾಜಿನ ನಾರಿನ ಪದರ) ನೆನೆದರೆ ಬಿಸಾಕೋದೇ.

ಪ್ರಶ್ನೆ ಕೇಳಿದವರು: ಕೇಬಲ್ಲೂ ಹಾಕಿಸಿಬಿಡಲಾ?

ಉತ್ತರ 1: ಬೇಡ, ಆರಾರು ಮೀಟರಿಗೆ ಜಾಯಿಂಟ್ ಯಾರಿಗೆ ಬೇಕು! ಟ್ರೇ ಮಾತ್ರ ಬರಲಿ, ಕೇಬಲ್ ಆಮೇಲೆ ಉದ್ದಕ್ಕೆ ಎಳೆಸಿ. ಟ್ರೇ ಸೇರೋ ಕಡೆ ಅರ್ಥ್ ಜಂಪರ್ (ಎರಡೂ ಟ್ರೇಗೆ ಅರ್ಥಿಂಗ್ ಮುಂದುವರಿಸೋ ತಂತಿ) ಮರೀಬೇಡಿ. ಹಾಂ, ಕಾರಿಡಾರ್ ತುದಿ ಗೋಡೆ ಕಟ್ಟೋ ಮುಂಚೆ ಫ್ರೇಮ್ ಒಳಗೆ ಹೋಗಿರಬೇಕು.