ಹೊಳೆಯ ಸೀಮೆಯಲ್ಲಿ ಹೊಳೆ ಎಲ್ಲಿದೆ?

ಪ್ರಶ್ನೆ: ಬಾಗಲಕೋಟೆಯವಳು

ಮಂಡ್ಯದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬಂದು ನಾಲ್ಕು ವರ್ಷವಾಯಿತು. ಕಳೆದ ವಾರ ಒಂಬತ್ತನೆಯ ತರಗತಿಯವರಿಗೆ ‘ನಮ್ಮ ಕಾವೇರಿ’ ಎಂದು ಪ್ರಬಂಧ ಬರೆಯಲು ಹೇಳಿದೆ. 38 ಪುಸ್ತಕಗಳಲ್ಲಿ 31ರಲ್ಲಿ ಒಂದೇ ಅಂಕಿ ಇತ್ತು: 124.80. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ, ಅಡಿಗಳಲ್ಲಿ. ನಾಲ್ವರು ಅದು ಹಿಡಿಯುವ ನೀರು 49.45 ಟಿಎಂಸಿ ಎಂದೂ ಸೇರಿಸಿದ್ದರು. ಹೊಳೆಯ ಬಣ್ಣ, ವಾಸನೆ, ಸದ್ದು ಮಾತ್ರ ಯಾರ ಬರಹದಲ್ಲೂ ಇಲ್ಲ. ಈಜಿದವರಿಲ್ಲ, ಹೆದರಿದವರೂ ಇಲ್ಲ.

ನನ್ನದು ಘಟಪ್ರಭೆಯ ದಂಡೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಹೋಯಿತು, ಅದರೊಂದಿಗೆ ನಮ್ಮ ಮನೆಯೂ. ನವನಗರಕ್ಕೆ ಬಂದ ಮೇಲೂ ನಮ್ಮ ಅಜ್ಜಿ ದಿನಾ ಬೆಳಿಗ್ಗೆ ಹೊಳೆ ಇರುವ ದಿಕ್ಕಿಗೆ ಕೈ ಮುಗಿಯುತ್ತಿದ್ದಳು, ಮನೆ ನುಂಗಿದ ನೀರಿಗೇ. ಅಂಥ ಪ್ರೀತಿಯೋ ಸಿಟ್ಟೋ ಇಲ್ಲಿ ನನಗೆ ಕಾಣುತ್ತಿಲ್ಲ. ಇಷ್ಟು ದೊಡ್ಡ ನದಿ ಪಕ್ಕದಲ್ಲಿದ್ದೂ ಇಲ್ಲಿಯವರ ಬಾಯಲ್ಲಿ ಅದು ಬರೀ ಲೆಕ್ಕವಾಗಿ ಯಾಕೆ ಬರುತ್ತದೆ? ಅಥವಾ ನಾನು ಹುಡುಕುತ್ತಿರುವ ಜಾಗವೇ ತಪ್ಪೇ?

ಉತ್ತರ: ಕೊನೆಭಾಗದವನು

ಮೇಡಂ, ಜಾಗ ತಪ್ಪು. ನೀವು ಹುಡುಕುತ್ತಿರುವುದು ಹೊಳೆ. ನಮ್ಮ ಮನೆ ಬಾಗಿಲಿಗೆ ಬಂದದ್ದು ನಾಲೆ.

ನಾನು ಮದ್ದೂರು ತಾಲ್ಲೂಕಿನವನು, ನಾಲೆಯ ಕೊನೆ ಭಾಗ. ಕಾವೇರಿಯನ್ನು ಮೊದಲ ಸಲ ಕಣ್ಣಾರೆ ಕಂಡದ್ದು ಹನ್ನೊಂದನೆಯ ವಯಸ್ಸಿನಲ್ಲಿ, ತಾತನ ಅಸ್ಥಿ ಬಿಡಲು ಪಶ್ಚಿಮವಾಹಿನಿಗೆ ಹೋದಾಗ. ಅಷ್ಟು ಅಗಲದ ನೀರು ಕಂಡು ದೊಡ್ಡಪ್ಪನ ಪಂಚೆ ಹಿಡಿದುಕೊಂಡು ನಿಂತಿದ್ದೆ. ಅಲ್ಲಿಯವರೆಗೆ ಕಾವೇರಿ ಎಂದರೆ ನಾನು ಹಾರಿ ದಾಟಬಹುದಾದ ಒಂದು ಕವಲು ಕಾಲುವೆ, ಅಷ್ಟೇ.

ನಮ್ಮಪ್ಪ ನೀರುಗಂಟಿ. ನೀರು ಬಿಟ್ಟ ದಿನಗಳಲ್ಲಿ ಕಂಬಳಿ, ಟಾರ್ಚು, ಒಂದು ಸನಿಕೆ ತೆಗೆದುಕೊಂಡು ಹೋದರೆ ಬೆಳಿಗ್ಗೆಯೇ ಬರುತ್ತಿದ್ದುದು. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವರ ತಲೆಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಮೇಲಿನವರು ತೂಬಿಗೆ ಹುಲ್ಲಿನ ಸಿವುಡು ತುರುಕಿ ನೀರನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಅಪ್ಪ ತೆಗೆದು ಹಾಕುತ್ತಿದ್ದರು, ಅವರು ಮತ್ತೆ ತುರುಕುತ್ತಿದ್ದರು. ಕೊನೆಗೆ ಅಪ್ಪ ತೂಬಿನ ಮೇಲೆಯೇ ಮಲಗುವುದನ್ನು ರೂಢಿ ಮಾಡಿಕೊಂಡರು. ನೀರು ನಿಂತರೆ ಸದ್ದು ಬದಲಾಗುತ್ತದೆ, ಎಚ್ಚರವಾಗುತ್ತದೆ ಎನ್ನುತ್ತಿದ್ದರು. ನಿಮ್ಮ ಮಕ್ಕಳ ಪ್ರಬಂಧದಲ್ಲಿ ಇಲ್ಲದ ಸದ್ದು ಇದೇ ಮೇಡಂ. ಅದು ಹರಿಯುವ ಸದ್ದಲ್ಲ, ನಿಲ್ಲುವ ಸದ್ದು.

ಇನ್ನು ಅಂಕಿಯ ಮಾತು. ಪೇಪರಿನ ಮೂಲೆಯಲ್ಲಿ ದಿನವೂ ಕಟ್ಟೆಯ ನೀರಿನ ಮಟ್ಟ ಬರುತ್ತದಲ್ಲ, ನಮ್ಮ ಮನೆಯಲ್ಲಿ ರಾಶಿಭವಿಷ್ಯಕ್ಕಿಂತ ಮೊದಲು ಓದುವುದು ಅದನ್ನೇ. ‘ನೂರು ದಾಟಿತಂತೆ’ ಎಂದರೆ ಒಟ್ಲು, ಎಂದರೆ ಭತ್ತದ ಸಸಿಮಡಿ, ಹಾಕುವ ಯೋಚನೆ. 124.80 ಎಂದರೆ ಅಡವಿಟ್ಟ ಓಲೆ ಬಿಡಿಸುವ ಮಾತು, ಅಕ್ಕನ ಮದುವೆಯ ಮಾತು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. 2025ರಲ್ಲಿ ಜೂನ್ ಮುಗಿಯುವಷ್ಟರಲ್ಲಿ ತುಂಬಿತು. ಈ ಎರಡು ವಾಕ್ಯಗಳನ್ನು ನಮ್ಮೂರಿನಲ್ಲಿ ಯಾರ ಮುಂದೆ ಹೇಳಿದರೂ ಅವರ ಮುಖ ನೋಡಿ, ಆಮೇಲೆ ಅದು ಬರೀ ಲೆಕ್ಕವೇ ಎಂದು ಹೇಳಿ.

ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ, ಎಂದರೆ ಸುಣ್ಣ ಮತ್ತು ಇಟ್ಟಿಗೆ ಪುಡಿಯಲ್ಲಿ, ಇಪ್ಪತ್ತು ವರ್ಷ ಕಟ್ಟಿದರು. ಮೊದಲು ಇರ್ವಿನ್ ನಾಲೆ ಎನ್ನುತ್ತಿದ್ದದ್ದು ಈಗಿನ ವಿಶ್ವೇಶ್ವರಯ್ಯ ನಾಲೆ. ಅದರ ಹಿಂದೆಯೇ ಕಬ್ಬು ಬಂತು, 1933ಕ್ಕೆ ಸಕ್ಕರೆ ಕಾರ್ಖಾನೆ ಬಂತು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಲೆಕ್ಕ ಹಾಕಿ, ಜಿಲ್ಲೆಗಿಂತ ನಾಲೆ ವಯಸ್ಸಿನಲ್ಲಿ ಹಿರಿಯದು. ಅದಕ್ಕೂ ಮೊದಲು ಇದು ರಾಗಿ, ಹುರುಳಿಯ ಬೆದ್ದಲು.

ಸಾಹಿತಿಗಳ ವಿಷಯದಲ್ಲಿ ನನ್ನದೊಂದು ತಲೆಹರಟೆ ಸಿದ್ಧಾಂತವಿದೆ. ನಮ್ಮ ಜಿಲ್ಲೆಯಲ್ಲಿ ಬರೆದವರೆಲ್ಲ ನಾಲೆ ಇಲ್ಲದ ಕಡೆಯವರು! ಪು.ತಿ.ನ. ಮೇಲುಕೋಟೆಯ ಬೆಟ್ಟದವರು. ಕೆ.ಎಸ್. ನರಸಿಂಹಸ್ವಾಮಿ ಕಿಕ್ಕೇರಿಯವರು. ಜಾನಪದದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕು. ಬಿ.ಎಂ.ಶ್ರೀ. ಅವರ ‘ಬಿ’ ಕೂಡ ಅದೇ ತಾಲ್ಲೂಕಿನ ಬೆಳ್ಳೂರು. ನೀರು ಸಿಕ್ಕಿದವರು ಕಬ್ಬು ಹಾಕಿದರು, ಚುನಾವಣೆಗೆ ನಿಂತರು. ಈ ಸಿದ್ಧಾಂತಕ್ಕೆ ಅಡ್ಡ ಬರುವವರು ಒಬ್ಬರೇ, ನಮ್ಮ ತಾಲ್ಲೂಕಿನ ಡಾಕ್ಟರು ಬೆಸಗರಹಳ್ಳಿ ರಾಮಣ್ಣ. ಈ ಮಣ್ಣಿನ ಕಥೆಗಳನ್ನು ಅವರು ರೋಗಿಗಳ ನಾಡಿ ಹಿಡಿದ ಕೈಯಲ್ಲೇ ಬರೆದರು.

ಹೆದರಿಕೆಯನ್ನೂ ಕೇಳಿದಿರಿ. ನಮ್ಮ ಹೆದರಿಕೆಯೂ ನಾಲೆಯದೇ. 2018ರ ನವೆಂಬರ್ 24ರಂದು ಪಾಂಡವಪುರದ ಹತ್ತಿರ ಕನಗನಮರಡಿಯಲ್ಲಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಸತ್ತರು, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಸೇರಿ. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಶ್ ತೀರಿಕೊಂಡರು. ಯಾವ ಸಾವಿಗೆ ಅಳುವುದು ಎಂದು ತಿಳಿಯದೆ ನಮ್ಮಮ್ಮ ಟಿ.ವಿ. ಆರಿಸಿ ಜಗಲಿಯ ಮೇಲೆ ಕುಳಿತುಬಿಟ್ಟಿದ್ದರು.

ಉತ್ತರ: ಪಟ್ಟಣದ ಸೊಸೆ

ಕೊನೆಭಾಗದ ಅಣ್ಣನವರ ಮಾತು ಅವರ ಊರಿಗೆ ಸರಿ. ನಮಗೆ ಶ್ರೀರಂಗಪಟ್ಟಣದವರಿಗೆ ಸುತ್ತಲೂ ಹೊಳೆಯೇ. ಕಟ್ಟೆಯಿಂದ ಬಿಡುವ ನೀರು ಲಕ್ಷ ಕ್ಯುಸೆಕ್ ಸಮೀಪಿಸಿತು ಎಂದರೆ ನಿಮಿಷಾಂಬ ದೇವಸ್ಥಾನದ ಮೆಟ್ಟಿಲು ಎಣಿಸಲು ಹೋಗುತ್ತೇವೆ, ಎಷ್ಟು ಉಳಿದಿವೆ ಎಂದು. ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ.

ನನ್ನ ಅತ್ತೆಯ ಅತ್ತೆಗೆ ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ‘ದೊಡ್ಡ ಹೊಳೆ ಬಂದಾಗ ನಾನು ಕೈಗೂಸು’ ಎನ್ನುತ್ತಿದ್ದರಂತೆ. ಅದು 1924ರ ಜುಲೈ. ಆ ಮಳೆ ಕಾವೇರಿಯನ್ನಷ್ಟೇ ಉಕ್ಕಿಸಲಿಲ್ಲ, ಘಟ್ಟದ ಆಚೆ ಕೇರಳವನ್ನೂ ಮುಳುಗಿಸಿತು. ಮಲಯಾಳಿಗಳು ಅದನ್ನು ‘99ರ ಪ್ರವಾಹ’ ಎನ್ನುತ್ತಾರೆ, ಅವರ ಪಂಚಾಂಗದಲ್ಲಿ ಆಗ 1099. ನಮ್ಮ ಹಿತ್ತಿಲ ಗೋಡೆಯ ಮೇಲೆ ಆ ನೀರಿನ ಗುರುತಿತ್ತು. ಸುಣ್ಣ ಬಳಿಯುವಾಗ ಮಾವ ಅಷ್ಟು ಜಾಗ ಬಿಡಿಸುತ್ತಿದ್ದರು. ನನ್ನ ಯಜಮಾನರು ಟೈಲ್ಸ್ ಹಾಕಿಸಿದರು, ಹೋಯಿತು.

ಅಣ್ಣನ ಸಿದ್ಧಾಂತಕ್ಕೆ ಎರಡು ತೂತು. ಎ.ಎನ್. ಮೂರ್ತಿರಾಯರ ಅಕ್ಕಿಹೆಬ್ಬಾಳು ಹೇಮಾವತಿಯ ದಂಡೆಯಲ್ಲೇ ಇದೆ. ಇನ್ನು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ತಿರುಮಲಾರ್ಯ, ಸಂಚಿ ಹೊನ್ನಮ್ಮ ಇವರೆಲ್ಲ ಇದ್ದ ಅರಮನೆ ಈ ದ್ವೀಪದಲ್ಲೇ ಇತ್ತು. ರಾಣಿಯ ಎಲೆಯಡಿಕೆ ಸಂಚಿ ಹಿಡಿದ ಹೆಂಗಸು ಸಾಂಗತ್ಯ ಬರೆದಳು. ಅವಳಿಗೆ ಕಬ್ಬಿನ ಗದ್ದೆ ಇರಲಿಲ್ಲ ಎನ್ನುವಿರಾದರೆ ನಾನು ಸುಮ್ಮನಾಗುತ್ತೇನೆ.

ಉತ್ತರ: ಮರಳಿನ ಮೇಲಿನವನು

ತಲಕಾಡನ್ನು ಯಾರೂ ನೆನೆಯಲಿಲ್ಲವಲ್ಲ! ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಅಲಮೇಲಮ್ಮನ ಶಾಪ ನಮ್ಮ ಕಡೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತದೆ. ದೇವಸ್ಥಾನಗಳನ್ನು ಮರಳಿನಿಂದ ಅಗೆದು ತೆಗೆಯಬೇಕಾದ ಊರು. ಶಾಪಕ್ಕೂ ಮೊದಲೇ, 14ನೇ ಶತಮಾನದಲ್ಲಿ, ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆ ಹೊಳೆಗೆ ಅಡ್ಡ ಎದ್ದಿತ್ತು. ಅದರಿಂದ ಹರಿವು ಕುಗ್ಗಿ, ತಿರುವಿನಲ್ಲಿ ಬರಿದಾದ ಮರಳನ್ನು ಗಾಳಿ ಊರಿಗೆ ತಂದಿತು ಎಂಬ ವಾದವಿದೆ. ನಾನು ಎರಡನ್ನೂ ನಂಬುತ್ತೇನೆ. ಹಗಲು ಕಟ್ಟೆಯನ್ನು, ರಾತ್ರಿ ಶಾಪವನ್ನು.

ಬಾಗಲಕೋಟೆಯವಳು

ಎಲ್ಲರಿಗೂ ನಮಸ್ಕಾರ. ಮತ್ತೆ ಪುಸ್ತಕಗಳನ್ನು ತೆಗೆದು ನೋಡಿದೆ. ಒಬ್ಬ ಹುಡುಗ 124.80ರ ಕೆಳಗೆ ‘ಈ ಸಲ ನಮಗೆ ಬೋರ್‌ವೆಲ್ ಬೇಡ’ ಎಂದು ಬರೆದಿದ್ದಾನೆ. ಅದನ್ನು ವಿಷಯಾಂತರ ಎಂದು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೆ.

ಕೊನೆಭಾಗದವರೇ, ಮಕ್ಕಳನ್ನು ಒಂದು ದಿನ ನಿಮ್ಮ ತಂದೆಯವರ ತೂಬಿನ ಹತ್ತಿರ ಕರೆತರಬಹುದೇ?

ಕೊನೆಭಾಗದವನು

ಬನ್ನಿ ಮೇಡಂ, ಅಪ್ಪನೂ ಇದ್ದಾರೆ, ಮಾತು ಹೆಚ್ಚು. ನೀರು ಬಿಟ್ಟ ವಾರ ಮಾತ್ರ ಬೇಡ, ನಮ್ಮ ಕಡೆ ಏರಿಯ ಮೇಲೆ ತಡೆಗೋಡೆ ಇಲ್ಲ. ನಿಲ್ಲಿಸಿದ ವಾರ ಬನ್ನಿ. ಯಾವಾಗ ಎಂದು ಫೋನ್ ಮಾಡಿ ತಿಳಿಸುತ್ತೇನೆ.